ಡಿಸ್ಕ್ ಇಲ್ಲದ ಡಬ್ಬಿ

ವಿಡಿಯೋ ಗೇಮಿನ ಡಬ್ಬಿಯೊಳಗೆ ಡಿಸ್ಕ್ ಇರಲಿಲ್ಲ. ಡಿಸ್ಕ್ ಕೂರುವ ಜಾಗದಲ್ಲಿ ಹನ್ನೆರಡು ಅಕ್ಷರದ ಕೋಡ್ ಛಾಪಿಸಿದ ಕಾಗದವಿತ್ತು. ಕೋಡಿನ ಮೇಲಿನ ಬೆಳ್ಳಿಪಟ್ಟಿಯನ್ನು ಆಗಲೇ ಯಾರೋ ಕೆರೆದಿದ್ದರು. ಜೊತೆಗೆ ದುಂಡು ಅಕ್ಷರದ ಒಂದು ಚೀಟಿ: 'ಈಗ ನಿಮ್ಮ ಪಾಳಿ.'

ಬಸವಕಲ್ಯಾಣದ ತನ್ನ ಫ್ಲೆಕ್ಸ್ ಅಂಗಡಿಯಲ್ಲಿ, ಯಾರದೋ ಹುಟ್ಟುಹಬ್ಬದ ಬ್ಯಾನರು ಮೀಸೆಯವರೆಗೆ ಛಾಪಾಗಿ ನಿಂತಿರುವಾಗ, ಸಮ್ಯಕ ಆ ಡಬ್ಬಿಯನ್ನು ಮೂರು ಸಲ ತಿರುವಿ ನೋಡಿದ. ಇಂಥ ಕೋಡು ಒಮ್ಮೆ ಹಾಕಿದರೆ ಮುಗಿಯಿತು. ಹಾಕಿದವರ ಅಕೌಂಟಿಗೆ ಆಟ ಅಂಟಿಕೊಳ್ಳುತ್ತದೆ, ಡಬ್ಬಿ ರದ್ದಿಗೆ ಹೋಗುತ್ತದೆ. ಇದನ್ನೇ ಅವನು ಒಂದು ವರ್ಷದಿಂದ ತನ್ನ ಯೂಟ್ಯೂಬ್ ಚಾನೆಲ್ಲಿನಲ್ಲಿ ಬೈಯುತ್ತಿದ್ದ. ಅರ್ಧ ಬೆಂದ ಆಟವನ್ನು ಬಿಡುಗಡೆ ಮಾಡುತ್ತಾರೆ, ಉಳಿದರ್ಧವನ್ನು ನೂರು ಜಿಬಿ ಅಪ್‌ಡೇಟ್ ಎಂದು ಕಳಿಸುತ್ತಾರೆ, ಎರಡು ವರ್ಷಕ್ಕೆ ಸರ್ವರ್ ಮುಚ್ಚುತ್ತಾರೆ, ಈಗ ಡಿಸ್ಕನ್ನೂ ಕಿತ್ತುಕೊಂಡರು! ಚಾನೆಲ್ಲಿಗೆ ನಾನೂರ ಹನ್ನೆರಡು ಸಬ್‌ಸ್ಕ್ರೈಬರ್‌ಗಳು. ಅರ್ಧ ಜನ ಬರುತ್ತಿದ್ದುದು ಬೈಗುಳಕ್ಕೇ.

ಅವರಲ್ಲೊಬ್ಬಳು ಹುಮನಾಬಾದಿನ ಧನಶ್ರೀ. ಎರಡು ವರ್ಷದ ಹಿಂದೆ ಅವನ ವಿಡಿಯೋ ಕೆಳಗೆ 'ಮೊದಲ ಆಟ ಪೂರಾ ಆಡ್ರಿ, ಆಮ್ಯಾಲ ಬೈರಿ' ಎಂದು ಬರೆದಿದ್ದಳು. ಅವನು ಪೂರಾ ಆಡಿದ. ಅಲ್ಲಿಂದ ಇಬ್ಬರ ನಡುವೆ ಡಿಸ್ಕುಗಳ ಓಡಾಟ ಶುರುವಾಯಿತು. ಆಟ ಮುಗಿಸಿದವರು ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ಬಸ್ ಕಂಡಕ್ಟರ್ ಬಸವಣಪ್ಪನ ಕೈಗಿಡುವುದು. ಒಳಗೆ ಒಂದು ಚೀಟಿ. 'ಮೂರನೇ ರಾಕ್ಷಸಗ ಎಡಗಡಿಂದ ಹೊಡೀರಿ.' 'ಆ ಕುದರಿ ಸಾಯ್ತದ, ಈಗೇ ಹೇಳೀನಿ, ಒಬ್ಬರೇ ಕೂತು ನೋಡಬ್ಯಾಡ್ರಿ.'

ಆನ್‌ಲೈನಿನಲ್ಲಿ ಜೊತೆಗೆ ಆಡುವಾಗ ಹೆಡ್‌ಫೋನಿನಲ್ಲಿ ಅವಳ ದನಿಯನ್ನು ನೂರು ಸಲ ಕೇಳಿದ್ದ. ಮುಖ ನೋಡಿರಲಿಲ್ಲ. ಮುಕ್ಕಾಲು ತಾಸಿನ ದಾರಿ; ಹೋಗಲು ಧೈರ್ಯವಿಲ್ಲದ್ದನ್ನು ಅವನು ಕೆಲಸದ ಒತ್ತಡ ಎಂದು ಕರೆಯುತ್ತಿದ್ದ.

ಇವತ್ತು ಅವಳು ಕಳಿಸಿದ ಖಾಲಿ ಡಬ್ಬಿಯ ಮೇಲಿನ ಸಿಟ್ಟು ಆ ಧೈರ್ಯ ಕೊಟ್ಟಿತು. ಆದರೆ ಹೊರಡುವ ಮೊದಲು ಹನ್ನೊಂದು ನಿಮಿಷದ ವಿಡಿಯೋ ಮಾಡಿದ. ಒಂಬತ್ತನೇ ನಿಮಿಷದಲ್ಲಿ ನಾಲಿಗೆ ಹಿಡಿತ ತಪ್ಪಿತು: "ಕಂಪನಿ ಬಿಡ್ರಿ, ನಂಬಿದವ್ರೇ ಖಾಲಿ ಡಬ್ಬಿ ಕಳಸಾಕತ್ತಾರ!" ಅಪ್‌ಲೋಡ್ ಮಾಡಿ ಬಸ್ ಹತ್ತಿದ.

"ಪಾರ್ಸಲ್ ಎಲ್ಲದ?" ಎಂದ ಬಸವಣಪ್ಪ.

"ಇಲ್ರಿ. ನಾನೇ ಹೊಂಟೀನಿ."

"ಅದಕ್ಕ ಎರಡು ವರ್ಷ ಬೇಕಾತೇನ್ರಿ ನಿಮಗ?" ಎಂದು ಟಿಕೆಟ್ ಕೊಟ್ಟು ಮುಂದೆ ಹೋದ.

ಪಾರ್ಸಲ್‌ಗಳು ತಲುಪುತ್ತಿದ್ದ ಹುಮನಾಬಾದಿನ ಕನ್ನಡಕದ ಅಂಗಡಿಯಲ್ಲಿ ಧನಶ್ರೀಗೆ ಕಣ್ಣು ಪರೀಕ್ಷಿಸುವ ಕೆಲಸ. ಸ್ಟೂಲಿನ ಮೇಲೆ ಶೇವಂತಾಬಾಯಿ ಎಂಬ ಮುದುಕಿ, ಮೂಗಿನ ಮೇಲೆ ಪರೀಕ್ಷೆಯ ದಪ್ಪ ಫ್ರೇಮು ಹೊತ್ತು ಕೂತಿದ್ದಳು.

"ಈ ಗಾಜಿನಾಗ ಛಲೋ ಕಾಣ್ತದೋ, ಇದರಾಗೋ, ಆಯಿ?"

ಆ ದನಿ ಕೇಳಿದ್ದೇ ಸಮ್ಯಕನಿಗೆ ಗುರುತು ಹತ್ತಿತು. ಅವಳು ತಿರುಗಿದಳು. ಕಿವಿಯ ಹಿಂದೆ ಪೆನ್ನು, ಹುಬ್ಬುಗಳ ನಡುವೆ ಸಣ್ಣದೊಂದು ಗೆರೆ, ರೆಪ್ಪೆ ಮಿಟುಕಿಸದ ನೋಟ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತಿನಲ್ಲಿ ಅರ್ಧ ಅಲ್ಲೇ ಉದುರಿತು. ಜಗಳಕ್ಕೆ ಉಳಿದರ್ಧ ಸಾಕಿತ್ತು.

"ಏನ್ರಿ ಇದು?" ಡಬ್ಬಿ ಕೌಂಟರಿನ ಮೇಲೆ ಬಿತ್ತು.

"ಒಂಬತ್ತನೇ ನಿಮಿಷ ನಾನೂ ನೋಡೀನಿ. ನಂಬಿದವ್ರು ಅಂದ್ರ ಯಾರ್ರಿ? ನಾನೇ?"

"ಮತ್ತ್ಯಾರು? ಕೋಡ್ ನೀವು ಹಾಕ್ಕೊಂಡು ನನಗ ರಟ್ಟು ಕಳಸೀರಿ!"

"ಡಿಸ್ಕ್ ಇಲ್ಲಂತ ಡಬ್ಬಿ ಹಿಂದ ಇರುವಿ ಕಾಲಿನಷ್ಟು ಸಣ್ಣ ಅಕ್ಷರದಾಗ ಬರದಾರ. ದಿನಾ ಊರ ಮಂದಿ ಕಣ್ಣು ನೋಡೋಕಿ ನಾನು, ನನಗೇ ಕಾಣ್ಲಿಲ್ಲ. ಕೋಡ್ ಕೇಳ್ತು, ಹಾಕಿದೆ. ಒಬ್ಬರಿಗೇ ಅಂತ ಆಮ್ಯಾಲ ಹೇಳ್ತು, ಕಳ್ಳ ಕಂಪನಿ!"

"ಒಂದು ವರ್ಷ ನಾ ಅದನ್ನೇ ಒದರಾಕತ್ತೀನಿ. ನನ್ನ ವಿಡಿಯೋ ನೋಡಂಗಿಲ್ಲೇನು?"

"ನೋಡ್ತೀನಿ," ಎಂದಳು. ಕಿವಿಯ ತುದಿ ಕೆಂಪಗಾಯಿತು. "ಕೇಳೋದು ಕಮ್ಮಿ."

ಸಮ್ಯಕನ ಸಿಟ್ಟಿಗೆ ಎಲ್ಲಿ ಕಾಲೂರಬೇಕೆಂದು ತಿಳಿಯಲಿಲ್ಲ. ದನಿ ತಗ್ಗಿತು. "ಹಂಗಂದ್ರ ಖಾಲಿ ಡಬ್ಬಿ ಯಾಕ ಕಳಿಸಿದ್ರಿ?"

"ಡಬ್ಬಿ ನಿಂತ್ರ ಚೀಟಿನೂ ನಿಲ್ತಾವ." ಅವನನ್ನು ನೋಡದೆ, ಒರೆಸಿದ್ದ ಗಾಜನ್ನೇ ಮತ್ತೆ ಒರೆಸಿದಳು. "ಇನ್ನ ಮ್ಯಾಲ ಬರೋ ಆಟ ಎಲ್ಲಾ ಹಿಂಗೇ ಅಂತ. ಎಲ್ಲಾ ನಿಲ್ತದ. ನಿಮಗ ಬೈಯಾಕ ಒಂದು ವಿಡಿಯೋ ಸಿಕ್ತು. ನನಗ?"

"ಏ ಪೋರಿ," ಎಂದಳು ಶೇವಂತಾಬಾಯಿ, "ಜಗಳ ನಿಲ್ಲಸು, ಇಲ್ಲಾ ಗಾಜು ತಗಿ. ನನಗ ನಾಕು ಮಂದಿ ಬಡಿದಾಡಿದಂಗ ಕಾಣಾಕತ್ತದ."

ಧನಶ್ರೀ ಗಾಜು ತೆಗೆದಳು, ಜಗಳ ಬಿಡಲಿಲ್ಲ. ಫೋನನ್ನು ಅವನ ಮುಖದೆದುರು ಹಿಡಿದಳು. ಅವಳ ದೂರಿಗೆ ಕಂಪನಿ ಉತ್ತರ ಕಳಿಸಿತ್ತು: ಆಟವನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಬಹುದು, ಆದರೆ ಇಬ್ಬರೂ ಒಂದೇ ಮನೆಯಲ್ಲಿ ವಾಸಿಸುವವರಾಗಿರಬೇಕು. ಕೆಳಗೆ ವಿಳಾಸ ತುಂಬುವ ಫಾರ್ಮು.

"ಯಾರ ಮನ್ಯಾಗ ಯಾರು ಇರ್ತಾರಂತ ಇವರಿಗ್ಯಾಕ?" ಸಮ್ಯಕ ಭುಗಿಲೆದ್ದ. "ಡಿಸ್ಕ್ ಇದ್ದಾಗ ಯಾರಿಗರೆ ಕೊಡ್ತಿದ್ದೆವು, ಕೇಳಾಕ ಬರ್ತಿದ್ದರೇನು? ನಾಳೆ ಇವರು—"

"ಸಮ್ಯಕ." 'ರಿ' ಇರಲಿಲ್ಲ. "ಬೈಯೋದು ಆಮ್ಯಾಲ. ಇಲ್ಲಿ ಏನ್ ಬರೀಲಿ, ಹೇಳು. ಒಂದೇ ಮನಿ ಅಂತ ಬರದ್ರ ಸುಳ್ಳಾಗ್ತದ."

ಸಮ್ಯಕ ಫಾರ್ಮಿನಿಂದ ಕಣ್ಣೆತ್ತಿ ಅವಳನ್ನು ನೋಡಿದ. ಅವಳ ಕಣ್ಣು ಕೆಂಪಗಿತ್ತು. ಸಿಟ್ಟಿನಿಂದ ಎಂದುಕೊಳ್ಳಬಹುದಿತ್ತು; ಅವನು ಹಾಗೆಂದುಕೊಳ್ಳಲಿಲ್ಲ.

"ಬರಿ," ಎಂದ. "ಸುಳ್ಳಾಗದಂಗ ನಾ ನೋಡ್ಕೋತೀನಿ. ಐತವಾರ ನಮ್ಮವ್ವಗ ಕರಕೊಂಡು ನಿಮ್ಮನಿಗಿ ಬರ್ತೀನಿ."

ಧನಶ್ರೀ ಫೋನನ್ನು ಕೌಂಟರಿನ ಮೇಲಿಟ್ಟಳು. ಹುಬ್ಬಿನ ನಡುವಿನ ಗೆರೆ ಮಾತ್ರ ಸಡಿಲಲಿಲ್ಲ.

"ಮೊದಲ ಒಂಬತ್ತನೇ ನಿಮಿಷ ತಗಿ."

"ಪೂರಾ ವಿಡಿಯೋನೇ ತಗೀತೀನಿ."

"ಬ್ಯಾಡ. ಉಳಿದದ್ದೆಲ್ಲಾ ಖರೇ ಅದ."

ಅವನು ಕೌಂಟರಿಗೆ ಒರಗಿ ಆ ನಿಮಿಷವನ್ನು ಕತ್ತರಿಸಿದ. ಸರಿಯಾಗಿ ಕತ್ತರಿಸಿದನೋ ಇಲ್ಲವೋ ಎಂದು ಅವಳು ಬಗ್ಗಿ ನೋಡಿದಳು; ಅವಳ ಉಸಿರು ಅವನ ಮೊಣಕೈಗೆ ತಾಗಿತು. ನೋಡಿ ಮುಗಿದ ಮೇಲೂ ಅವಳು ಹಿಂದೆ ಸರಿಯಲಿಲ್ಲ.

"ಇನ್ನೊಂದು ಮಾತು. ಈ ಆಟ ನಾನೇ ಮೊದಲ ಮುಗಸಾಕಿ. ಅಲ್ಲೀತನಕ ನೀ ಬಾಜೂಕ ಕೂತು ನೋಡಬೇಕು. ಬಾಯಿ ಮುಚ್ಕೊಂಡು."

"ಬಾಯಿ ಮುಚ್ಚೋದು ಆಗಂಗಿಲ್ಲ."

"ಗೊತ್ತದ," ಎಂದಳು ಧನಶ್ರೀ, ಶೇವಂತಾಬಾಯಿಗೆ ಹೊಸ ಗಾಜು ಹಾಕುತ್ತ.