ಸಿಪ್ಪೆಯ ಮೇಲಿನ ಸ್ಟಿಕ್ಕರ್

ಮಂಗಳವಾರ ಬೆಳಿಗ್ಗೆ 9.40ಕ್ಕೆ ಗೊಬ್ಬರ ಘಟಕದ ಮೇಲ್ವಿಚಾರಕರು ಠಾಣೆಗೆ ಬಂದು ದೂರು ಕೊಟ್ಟರು. ಹಸಿ ಕಸ ಕೊಚ್ಚುವ ಹೊಸ ಯಂತ್ರದ ಬ್ಲೇಡು ಸೋಮವಾರ ಸಂಜೆ ಕಳುವಾಗಿತ್ತು. ಬೀಗ ಮುರಿದಿರಲಿಲ್ಲ.

“ಬೇಗ ಹುಡುಕಿಕೊಡಿ ಸರ್. ಶಿಶುವಿಹಾರದ ತೋಟಕ್ಕೆ ಮತ್ತೆ ಗೊಬ್ಬರ ಕಳಿಸಬೇಕು.”

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ 10.30ಕ್ಕೆ ಸ್ಥಳಕ್ಕೆ ಹೋದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಅವರನ್ನು ಮೀಸೆ ಅಂತಲೇ ಕರೆಯುವುದು; ನೋಡಿದವರು ಯಾಕೆಂದು ಕೇಳುವುದಿಲ್ಲ.

ಪಂಚನಾಮೆಗಾಗಿ ಮೀಸೆ ಮೂಗು ಮುಚ್ಚಿಕೊಂಡು, ಸೋಮವಾರ ಕೆಲಸ ಮುಗಿದಾಗ ಖಾಲಿ ಮಾಡಿಟ್ಟಿದ್ದ ತೊಟ್ಟಿಗಳಲ್ಲಿ ಕೈಯಾಡಿಸಿದರು. ಬಿಚ್ಚಿದ ಬೋಲ್ಟುಗಳು ಕಬ್ಬಿಣದ ತೊಟ್ಟಿಯಲ್ಲಿದ್ದವು. ರಬ್ಬರ್ ವಾಷರು ಒಣ ಕಸದಲ್ಲಿ. ಹಸಿ ಕಸದಲ್ಲಿ ಒಂದು ಬಾಳೆಹಣ್ಣಿನ ಸಿಪ್ಪೆ. ಅದರ ಮೇಲಿದ್ದ ಪುಟಾಣಿ ಪ್ಲಾಸ್ಟಿಕ್ ಸ್ಟಿಕ್ಕರನ್ನು ಕಿತ್ತು ಒಣ ಕಸಕ್ಕೆ ಹಾಕಲಾಗಿತ್ತು.

“ಅಬ್ಬಬ್ಬಾ! ಕದಿಯೋವಾಗ್ಲೂ ಕಸ ಬೇರೆ ಮಾಡಿದ್ದಾನಲ್ಲ ಸರ್! ನಮ್ಮನೇಲಿ ನಾನೇ ಮಾಡಲ್ಲ.”

“ಗೊತ್ತು. ನಿಮ್ಮನೆಯವರು ನನ್ನ ಹತ್ರ ದೂರು ಹೇಳಿದ್ದಾರೆ.”

ಇನ್ಸ್‌ಪೆಕ್ಟರ್ ಯಂತ್ರದ ಕೆಳಗಿನ ರಾಶಿಯಿಂದ ಒಂದು ಹಿಡಿ ತೆಗೆದರು. ಅದರ ತುಂಬ ಸಾಸಿವೆ ಗಾತ್ರದ ನೀಲಿ, ಕೆಂಪು ಚೂರುಗಳು.

“ಇವೇನು?” ಮೇಲ್ವಿಚಾರಕರನ್ನು ಕೇಳಿದರು.

“ಪ್ಲಾಸ್ಟಿಕ್ ಚೀಲ ಸರ್. ಮೊದಲು ಕೈಯಲ್ಲಿ ಆರಿಸಿ ತೆಗೀತಿದ್ವಿ. ಈಗ ಎಲ್ಲಾ ಒಟ್ಟಿಗೆ ಕೊಚ್ಚುತ್ತೆ. ಕೆಲಸ ಬೇಗ ಆಗುತ್ತೆ.”

“ಕೊಚ್ಚಿದ್ಮೇಲೆ ಆರಿಸೋಕಾಗುತ್ತಾ?”

ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು.

ಬುಧವಾರ ಮಧ್ಯಾಹ್ನ 1.15, ಊಟದ ಹೊತ್ತು. ತನ್ನ ಹುಟ್ಟುಹಬ್ಬವೆಂದು ಸುಳ್ಳು ಹೇಳಿ ಮೀಸೆ ಒಂಬತ್ತು ಕೆಲಸಗಾರರಿಗೂ ಬಾಳೆಹಣ್ಣು ಹಂಚಿದರು. ಎಂಟು ಜನ ತಿಂದು ಸಿಪ್ಪೆಯನ್ನು ಹಸಿ ಕಸಕ್ಕೆ ಎಸೆದರು. ಕಸ ಆರಿಸುವ ಅಜ್ಜಿಯೊಬ್ಬರೇ ಉಗುರಿನಿಂದ ಸ್ಟಿಕ್ಕರ್ ಎಬ್ಬಿಸಿ ಒಣ ಕಸಕ್ಕೆ ಹಾಕಿದರು. ಆಮೇಲೆ ಉಳಿದ ಎಂಟು ಸಿಪ್ಪೆಗಳನ್ನೂ ಹೆಕ್ಕಿ, ಎಲ್ಲರಿಗೂ ಬೈಯುತ್ತಾ ಅವುಗಳ ಸ್ಟಿಕ್ಕರನ್ನೂ ಕಿತ್ತರು. ಹಾಗೇ ಮೀಸೆಯ ತಲೆ ಸವರಿ “ನೂರು ವರ್ಷ ಬಾಳಪ್ಪಾ” ಅಂದರು. ಮೀಸೆಗೆ ತುಂಬಾ ಬೇಜಾರಾಯಿತು.

“ಅಜ್ಜಿ, ಬ್ಲೇಡು ಎಲ್ಲಿ?” ಇನ್ಸ್‌ಪೆಕ್ಟರ್ ಕೇಳಿದರು.

“ಮನೇಲಿ, ಮಂಚದ ಕೆಳಗೆ. ಎಣ್ಣೆ ಹಚ್ಚಿಟ್ಟಿದ್ದೀನಿ, ತುಕ್ಕು ಹಿಡೀಬಾರ್ದಲ್ಲ.”

“ಯಾಕೆ ತೆಗೆದ್ರಿ?”

ಅಜ್ಜಿ ಮಡಿಸಿಟ್ಟ ಕಾಗದವೊಂದನ್ನು ಬಿಡಿಸಿದರು. ಒಳಗೆ ಒಂದು ನೀಲಿ ಚೂರು.

“ಮೊಮ್ಮಗಳು ಅದೇ ಶಿಶುವಿಹಾರದಲ್ಲಿದ್ದಾಳೆ. ಮಣ್ಣು ತಿನ್ನೋ ಚಾಳಿ, ಎಷ್ಟು ಗದರಿದ್ರೂ ಬಿಡಲ್ಲ ಕಳ್ಳಿ. ಹೋದ ವಾರ ಬಾಯಿ ತೊಳೆಸಿದ್ರೆ ನಾಲಿಗೆ ಮೇಲೆ ಇದು. ಇಡೀ ಚೀಲ ಬರಲಿ, ಆರಿಸ್ತೀನಿ. ಮೂವತ್ತು ವರ್ಷ ಆರಿಸಿದ್ದೀನಿ. ಪುಡಿಯಾದ್ಮೇಲೆ ನಾನೆಲ್ಲಿ ಆರಿಸ್ಲಪ್ಪಾ? ಮೂರು ಸಲ ಹೇಳಿದೆ, ಇವರು ಕಿವಿಗೇ ಹಾಕ್ಕೊಳ್ಳಲಿಲ್ಲ.”

3.20ಕ್ಕೆ ಬಂಧನ. ಬ್ಲೇಡು ವಶಪಡಿಸಿಕೊಳ್ಳುವಾಗ ಮೀಸೆ ಅಭ್ಯಾಸಬಲದಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಆರೋಪಿ ದುರುಗುಟ್ಟಿ ನೋಡಿದರು. ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕಲಾಯಿತು. ಸಂಜೆ ಠಾಣೆಯಲ್ಲೇ ಜಾಮೀನು ಸಿಕ್ಕಿತು.

ಗುರುವಾರ ಮೇಲ್ವಿಚಾರಕರು ಓಡಿ ಬಂದರು. “ಬ್ಲೇಡು ಕೊಡಿ ಸರ್.”

“ಅದು ಕೇಸಿನ ಸಾಕ್ಷ್ಯ. ಕೋರ್ಟಿಂದ ಆದೇಶ ತನ್ನಿ.”

“ಅಲ್ಲೀತನಕ ಕಸದ ಗತಿ?”

“ಕೈಯಲ್ಲಿ ಆರಿಸಿ. ಚೆನ್ನಾಗಿ ಆರಿಸೋರು ಒಬ್ರಿದ್ದಾರೆ, ಜಾಮೀನಿನ ಮೇಲೆ ಹೊರಗಿದ್ದಾರೆ. ಮರ್ಯಾದೆಯಿಂದ ಕರೀರಿ.”

ಅವರು ಹೋದ ಮೇಲೆ ಇನ್ಸ್‌ಪೆಕ್ಟರ್ ಕಡತ ತೆರೆದು, ಕೃತ್ಯದ ಉದ್ದೇಶ ಎಂದಿದ್ದ ಕಡೆ ಒಂದೇ ಸಾಲು ಬರೆದರು: ಮೊಮ್ಮಗಳು ಮಣ್ಣು ತಿನ್ನುತ್ತಾಳೆ.