ಷರಾದಲ್ಲಿ ಬರೆದದ್ದು

ಸೇತುವೆಯ ಕಂಬ ಬಿರುಕು ಬಿಡದಿದ್ದರೆ ಬೆಳಗಿನ ಎಕ್ಸ್‌ಪ್ರೆಸ್ ಗಾಡಿ ಅವಳ ಪುಟ್ಟ ಸ್ಟೇಷನ್ನಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಬಿರುಕು ಬಿಟ್ಟಿತು. ಮುಂದಿನ ಎರಡು ಕಿಲೋಮೀಟರ್ ಗಂಟೆಗೆ ಇಪ್ಪತ್ತರ ವೇಗ ಮೀರಬಾರದೆಂದು ಆದೇಶ ಬಂತು. ಗಾಡಿ ದಿನಾ ಮೂರು ನಿಮಿಷ ನಿಲ್ಲಬೇಕು, ಸ್ಟೇಷನ್ ಮಾಸ್ಟರ್ ಆದ ಅವಳು ಎಚ್ಚರಿಕೆ ಚೀಟಿ ಬರೆದುಕೊಡಬೇಕು, ಡ್ರೈವರ್ ಓದಿ ಸಹಿ ಹಾಕಬೇಕು. ನಿಯಮ ಅಷ್ಟೇ. ಆ ಮೂರು ನಿಮಿಷದಲ್ಲೇ ಅವಳು ಕೆಟ್ಟಳು.

ಮೊದಲ ದಿನ ಡ್ರೈವರ್ ಓದದೆಯೇ ಪೆನ್ನಿಗೆ ತಡಕಾಡಿದಾಗ ಅವಳು ಚೀಟಿ ಹಿಂದಕ್ಕೆಳೆದುಕೊಂಡಿದ್ದಳು.

“ಜೋರಾಗಿ ಓದಿ.”

“ಕಿಲೋಮೀಟರ್ ನಲವತ್ತೊಂದರಿಂದ ನಲವತ್ಮೂರು. ವೇಗ ಇಪ್ಪತ್ತು,” ಎಂದು ಪಾಠ ಒಪ್ಪಿಸಿದ ಅವನು ಇಂಜಿನ್ನಿನ ಕಿಟಕಿಯಿಂದ ಬಾಗಿದ. “ಮೇಡಂ ಎಲ್ಲರಿಗೂ ಹೀಗೇ ಗದರ್ತಾರಾ, ಇಲ್ಲಾ ನನಗೊಬ್ಬನಿಗೇನಾ?”

ಮಾರನೆಯ ದಿನದಿಂದ ಅವಳ ಹೆಸರು ‘ಇಪ್ಪತ್ತು’ ಎಂದಾಯಿತು.

“ಏನ್ ಇಪ್ಪತ್ತು, ಕಣ್ಣು ಕೆಂಪಗಿದೆ? ನಿದ್ದೆ ಇಲ್ವಾ?”

“ಕಾಗದ ನೋಡಿ, ಕಣ್ಣನ್ನಲ್ಲ.”

“ಕಾಗದದಲ್ಲಿ ಏನಿರುತ್ತೆ, ಅದೇ ಇಪ್ಪತ್ತು.”

ಅವಳು ನಕ್ಕುಬಿಟ್ಟಳು. ಜೋರಾಗಿ ಓದಿಸುವುದನ್ನು ಯಾವಾಗ ಕೈಬಿಟ್ಟಳೋ ಅವಳಿಗೇ ನೆನಪಿಲ್ಲ.

ಎಂಟು ತಿಂಗಳು ಕಳೆದವು. ಮನೆಯಲ್ಲಿ ಅಮ್ಮ ಒಬ್ಬ ಮೇಷ್ಟರ ಸಂಬಂಧ ತಂದು ಬೆನ್ನು ಹತ್ತಿದರು. “ಹೂಂ ಅನ್ನು, ಇಲ್ಲ ಉಹೂಂ ಅನ್ನು. ಅವರನ್ನ ಎಷ್ಟು ದಿನ ಅಂತ ಸತಾಯಿಸೋದು?”

ಡ್ರೈವರ್ ಎದುರು ಬಾಯಿ ಬಿಟ್ಟು ಕೇಳುವ ಧೈರ್ಯ ಅವಳಿಗಿರಲಿಲ್ಲ. ಬರೆಯುವುದಾದರೆ ಬರುತ್ತಿತ್ತು. ಚೀಟಿಯ ಕೊನೆಯಲ್ಲಿ ‘ಷರಾ’ ಎಂದೊಂದು ಸಾಲು, ಸದಾ ಖಾಲಿ. ಸಹಿ ಹಾಕಿಸಿ ತಾನೇ ಇಟ್ಟುಕೊಳ್ಳುವ ಪ್ರತಿಯಲ್ಲಿ ಆ ಸಾಲಿನ ಮೇಲೆ ಬರೆದಳು: ‘ನನ್ನನ್ನು ಮದುವೆಯಾಗುತ್ತೀರಾ? ಒಪ್ಪಿಗೆಯಿದ್ದರೆ ಸಹಿ ಮಾಡಿ.’

ಚೀಟಿಯನ್ನು ಕಿಟಕಿಗೆ ಚಾಚಿದಳು. ಅವನು ಅವಳ ಮುಖವನ್ನೇ ನೋಡುತ್ತಾ, ತುಟಿಯಂಚಿನಲ್ಲಿ ನಗುತ್ತಾ ಸಹಿ ಹಾಕಿದ. “ಬರ್ತೀನಿ, ಇಪ್ಪತ್ತು.”

ಆ ನಗುವೇ ಉತ್ತರ ಎಂದುಕೊಂಡಳು.

“ಬಾಯಿ ಬಿಟ್ಟು ಹೇಳಿದ್ನಾ?” ಎಂದರು ಅಮ್ಮ.

“ಸಹಿ ಹಾಕಿದಾರಮ್ಮ.”

“ಸಹಿ ಹಾಕೋದು ಅವನ ಕೆಲಸ ಕಣೇ.”

ಆದರೂ ಮೇಷ್ಟರ ಮನೆಗೆ ಬೇಡವೆಂದು ಹೇಳಿಕಳಿಸಿದ್ದಾಯಿತು.

ಮೂರು ವಾರ ಅವನು ಅದರ ಸುದ್ದಿಯೆತ್ತಲಿಲ್ಲ. ನಾಚಿಕೆಯಿರಬೇಕೆಂದು ಅವಳೂ ಸುಮ್ಮನಿದ್ದಳು. ಅಷ್ಟರಲ್ಲಿ ಸೇತುವೆ ರಿಪೇರಿ ಮುಗಿಯಿತು. ನಾಳೆಯಿಂದ ಪೂರ್ತಿ ವೇಗ, ಚೀಟಿ ಬೇಡ, ಗಾಡಿ ನಿಲ್ಲುವುದೂ ಬೇಡ ಎಂದು ಆದೇಶ ಬಂತು. ಕೊನೆಯ ಮೂರು ನಿಮಿಷ ಉಳಿದಿತ್ತು.

“ಮನೆಗೆ ಯಾವಾಗ ಬರ್ತೀರಾ? ಅಮ್ಮ ಕೇಳ್ತಿದ್ದಾರೆ.”

“ಯಾಕೆ?”

ಅವಳು ಫೈಲಿನಿಂದ ಆ ಚೀಟಿ ತೆಗೆದು ಕೊಟ್ಟಳು. ಅವನು ಓದಿದ. ಅವಳು ಬರೆದದ್ದನ್ನು ಕೊನೆಯ ಸಾಲಿನವರೆಗೆ ಓದಿದ್ದು ಆ ಮೊದಲ ದಿನಗಳನ್ನು ಬಿಟ್ಟರೆ ಅಂದೇ. ಅವನ ಮುಖದ ಬಣ್ಣ ಇಳಿಯಿತು.

“ನಾನಿದನ್ನ ಓದೇ ಇಲ್ಲ.”

“ಸಹಿ ನಿಮ್ದೇ.”

“ದಿನಾ ಅದೇ ಇಪ್ಪತ್ತಲ್ವಾ. ನಿನ್ನ ಮುಖ ನೋಡ್ತಾ ಹಾಕ್ಬಿಡ್ತಿದ್ದೆ.” ಅವನು ಚೀಟಿಯಿಂದ ತಲೆಯೆತ್ತಲಿಲ್ಲ. “ಹೋದ ವಾರ ಮನೇಲಿ ನನ್ನ ಮದುವೆ ಮಾತು ಮುಗೀತು. ಹೂಂ ಅಂದ್ಬಿಟ್ಟೆ. ನಿನಗೆ ಇದೆಲ್ಲ ತಮಾಷೆ ಅನ್ಕೊಂಡಿದ್ದೆ.”

“ಓದಿದ್ದಿದ್ರೆ?”

ಸಿಗ್ನಲ್ ಹಸಿರಾಯಿತು. ಅವನು ಚೀಟಿ ಹಿಂದಿರುಗಿಸಿದ.

“ಓದಿದ್ರೂ ಇದೇ ಸಹಿ ಹಾಕ್ತಿದ್ದೆ.”

ಗಾಡಿ ಹೊರಟಿತು. ಓದಿಸಬೇಕಾದವಳು ನಾನೇ ಅಲ್ಲವೇ ಎಂದುಕೊಳ್ಳುತ್ತಾ ಅವಳು ಚೀಟಿಯನ್ನು ಮತ್ತೆ ಫೈಲಿಗೆ ಸೇರಿಸಿದಳು.

ನಿಲ್ಲದ ಗಾಡಿಗೂ ಒಂದು ನಿಯಮವಿದೆ. ಸ್ಟೇಷನ್ ಮಾಸ್ಟರ್ ಹಸಿರು ಬಾವುಟ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಬೇಕು, ಡ್ರೈವರ್ ಕೈಯೆತ್ತಿ ಉತ್ತರಿಸಬೇಕು. ಮರುದಿನ ಅವಳು ನಿಂತಳು. ಗಾಡಿ ನೂರರ ವೇಗದಲ್ಲಿ ಬಂತು. ಅವನು ಕೈಯೆತ್ತಿದ. ನಿಯಮಕ್ಕೋ ತನಗೋ ಎಂದು ತಿಳಿಯುವಷ್ಟು ಹೊತ್ತೂ ಸಿಗಲಿಲ್ಲ. ಕೊನೆಯ ಬೋಗಿ ಕಣ್ಮರೆಯಾಗುವವರೆಗೆ ಬಾವುಟ ಹಿಡಿದೇ ಇದ್ದಳು.

ಒಳಗೆ ಬಂದು ರಿಜಿಸ್ಟರಿನಲ್ಲಿ ಗಾಡಿ ದಾಟಿದ ಸಮಯ ಬರೆದಳು. ಪಕ್ಕದಲ್ಲಿ ಷರಾ ಕಾಲಂ ಇತ್ತು. ಬಹಳ ಹೊತ್ತು ನೋಡಿ, ‘ಏನೂ ಇಲ್ಲ’ ಎಂದು ಬರೆದು ಸಹಿ ಹಾಕಿದಳು.