ಕಡಲಿಲ್ಲದ ದಿನದ ಹುಮ್ಮಸ್ಸು

"ಕನ್ನಡಕ ಹಾಕ್ಕೊಂಡ್ರೆ ತಲೆ ಸುತ್ತುತ್ತೆ, ಡಾಕ್ಟರಮ್ಮ," ಎಂದು ಅರ್ಲೆಸ್ ಮತ್ತೆ ಬೇಗನೆ ಸೈಕಲ್ಲಿನಿಂದ ಇಳಿದ.

ನೊರಾಲ್ಬಾ ನಂಬಲಿಲ್ಲ. ತಲೆ ಸುತ್ತುವವರ ಮುಖ ಬಿಳುಚಿಕೊಳ್ಳುತ್ತದೆ. ಇವನದು ಕೆಂಪಗಾಗಿತ್ತು.

ಮನಿಸಾಲೆಸ್ ಊರಿನ ಕಾಲೇಜೊಂದರಲ್ಲಿ ಅವಳ ಸಂಶೋಧನೆ ನಡೆಯುತ್ತಿತ್ತು. ನಿಂತಲ್ಲೇ ತುಳಿಯುವ ಸೈಕಲ್. ಒಂದು ದಿನ ವಿಆರ್ ಕನ್ನಡಕ ಹಾಕಿಕೊಂಡು, ಆಟದೊಳಗಿನ ಕಡಲತೀರದಲ್ಲಿ ಹಕ್ಕಿಗಳನ್ನು ಬೆನ್ನಟ್ಟಬೇಕು. ಇನ್ನೊಂದು ದಿನ ಬರಿಗಣ್ಣಿನಲ್ಲಿ ತುಳಿಯಬೇಕು. ಹುಮ್ಮಸ್ಸು ಯಾವಾಗ ಹೆಚ್ಚು? ಉಳಿದವರೆಲ್ಲ ಕನ್ನಡಕದೊಳಗೆ ದಣಿವನ್ನೇ ಮರೆಯುತ್ತಿದ್ದರು. ಅರ್ಲೆಸ್ ಒಬ್ಬನೇ ತಿರುವುಮುರುವು. ಬರಿಗಣ್ಣಿನ ದಿನ ಇಳಿಯುವುದೇ ಇಲ್ಲ.

ಅವನು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಹಿಂದೆ ರೇಸುಗಳಲ್ಲಿ ಸೈಕಲ್ ಓಡಿಸುತ್ತಿದ್ದ. ಇಳಿಜಾರಿನಲ್ಲಿ ಬಿದ್ದು ಮಂಡಿಯ ಆಪರೇಷನ್ ಆದ ಮೇಲೆ ರಸ್ತೆಯಲ್ಲಿ ಸೈಕಲ್ ಹತ್ತಿರಲಿಲ್ಲ.

ಅವಳು ಆಟದ ಕಡಲನ್ನು ಕಾಡಾಗಿಸಿದಳು, ಕಾಡನ್ನು ಹಿಮದ ಬೆಟ್ಟವಾಗಿಸಿದಳು. ಏನೂ ಬದಲಾಗಲಿಲ್ಲ.

ಆಮೇಲೊಮ್ಮೆ ಅವಳಿಗೆ ಜ್ವರ ಬಂದು, ಗೆಳತಿ ಫಾಬಿಯೋಲಾ ಪ್ರಯೋಗ ನೋಡಿಕೊಂಡಳು. ಅಂದು ಬರಿಗಣ್ಣಿನ ದಿನ. ಆದರೂ ಅರ್ಲೆಸ್ ಬೇಗನೆ ಇಳಿದುಬಿಟ್ಟಿದ್ದ.

"ತುಳಿಯೋದು ಬಿಟ್ಟು ಬಾಗಿಲನ್ನೇ ನೋಡ್ತಿದ್ರು ಕಣೇ ನಿನ್ನ ಮೇಷ್ಟ್ರು," ಎಂದು ಫಾಬಿಯೋಲಾ ನಕ್ಕಳು.

ಮುಂದಿನ ಸಲ ನೊರಾಲ್ಬಾ ಅವನೆದುರು ಬಿಸಿ ಬೆಲ್ಲದ ನೀರು, ಚೀಸು ಇಟ್ಟು ಕೂತಳು.

"ನಿಜ ಹೇಳಿ. ಕನ್ನಡಕದಲ್ಲಿ ಏನು ತೊಂದರೆ?"

ಅವನು ಆ ಊರಿನ ರೂಢಿಯಂತೆ ಚೀಸಿನ ತುಂಡನ್ನು ಲೋಟದಲ್ಲಿ ಮುಳುಗಿಸಿ, ಅದು ಕರಗುವುದನ್ನೇ ನೋಡಿದ. "ಹೇಳಿದ್ರೆ ನನ್ನನ್ನ ಪ್ರಯೋಗದಿಂದ ತೆಗೆದುಹಾಕ್ತೀರಿ."

"ಹೇಳದಿದ್ರೂ ತೆಗೀತೀನಿ."

"ಕಡಲು ಚೆನ್ನಾಗೇ ಇದೆ. ಆದ್ರೆ ಅಲ್ಲಿ ನೀವಿರಲ್ಲ."

ಅವಳ ಕಿವಿ ಬಿಸಿಯಾಯಿತು. ಏನೋ ಹೇಳಹೋಗಿ ಇನ್ನೇನೋ ಬಾಯಿಗೆ ಬಂತು. "ಹಾಗಾದ್ರೆ ಇನ್ಮೇಲೆ ಪ್ರಯೋಗಕ್ಕೆ ಬರಬೇಡಿ."

ಅರ್ಲೆಸ್ ಚೀಲ ಎತ್ತಿಕೊಂಡ. ಬಾಗಿಲವರೆಗೂ ಹೋದ.

"ಪ್ರಯೋಗಕ್ಕೆ ಮಾತ್ರ ಅಂದೆ! ಭಾನುವಾರ ಬೆಳಿಗ್ಗೆ ದೊಡ್ಡ ರಸ್ತೇಲಿ ಕಾರು ಬಿಡಲ್ವಲ್ಲ, ನಿಮ್ಮ ಸೈಕಲ್ ತಗೊಂಡ್ಬನ್ನಿ."

"ರಸ್ತೇಲಿ... ನನಗೆ ಹೆದರಿಕೆ, ಡಾಕ್ಟರಮ್ಮ."

"ನನಗೂ. ನನಗೆ ಸೈಕಲ್ಲೇ ಬರಲ್ಲ."

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಸೈಕಲ್ ಮೇಲೆ ಸಂಶೋಧನೆ ಮಾಡೋರಿಗೆ?"

"ಸಾಕು ನಕ್ಕಿದ್ದು. ಕಲಿಸ್ತೀರೋ ಇಲ್ವೋ?"

ಭಾನುವಾರ ಅವಳು ಸೀಟಿನ ಮೇಲೆ, ಅವನು ಸೀಟು ಹಿಡಿದು ಹಿಂದೆ. ಅವಳು ತೂರಾಡಿದಳು, ಕಿರುಚಿದಳು, ನೆನಪಾದ ಸಂತರ ಹೆಸರನ್ನೆಲ್ಲ ಕೂಗಿದಳು. ನಿಧಾನಕ್ಕೆ ಚಕ್ರ ಹಿಡಿತಕ್ಕೆ ಬಂತು, ವೇಗ ಏರಿತು. ಬೆನ್ನ ಹಿಂದೆ ದಡದಡ ಹೆಜ್ಜೆ ಸದ್ದು. ಅದೇನೆಂದು ಹೊಳೆದ ಕೂಡಲೇ ಅವಳು ಬ್ರೇಕ್ ಒತ್ತಿದಳು.

"ಅರ್ಲೆಸ್! ನೀವು ಓಡ್ತಿದ್ದೀರಿ! ಮಂಡಿ ನೋಯ್ತಿಲ್ವಾ?"

ಅವನು ತನ್ನ ಕಾಲನ್ನೇ ಬೆರಗಿನಿಂದ ನೋಡಿಕೊಂಡ. "ನೋಯ್ತಿದೆ," ಎಂದ ಏದುಸಿರಿನಲ್ಲಿ. "ಈಗ, ನೀವು ಕೇಳಿದ ಮೇಲೆ."

"ಮತ್ತೆ ಯಾಕೆ ಓಡಿದ್ರಿ?" ಅವಳಿಗೆ ತಿಳಿಯಲೇಬೇಕಿತ್ತು.

"ಕೇಳ್ತಿರೋದು ಸಂಶೋಧನೆಗಾ?"

"ಅಲ್ಲ. ನನಗೆ."

ಹ್ಯಾಂಡಲ್ ಮೇಲಿದ್ದ ಅವಳ ಕೈಯನ್ನು ಅವನು ಮುಚ್ಚಿ ಹಿಡಿದ. ಹಿಂದಿನ ಸೈಕಲ್ ಸವಾರರು ಗಂಟೆ ಬಾರಿಸಿ ಬೈದುಕೊಂಡು ಪಕ್ಕದಿಂದ ಹೋದರು. ರಸ್ತೆಯ ನಟ್ಟನಡುವೆ ನಿಂತಿದ್ದ ಇಬ್ಬರೂ ದಾರಿ ಬಿಡಲಿಲ್ಲ.